ಅರ್ಧ ಮಾತಿನ ಟೀಚರ್

"ಈ ಚಪಾತೀನ ನಾಲ್ಕು ಸಮ ಭಾಗ ಮಾಡಿದೀನಿ. ಇದ್ರಲ್ಲಿ ಒಂದು ಭಾಗಕ್ಕೆ ಏನಂತಾರೆ? ಕ್ವಾ...?"

"ಟರ್," ಎಂದಳು ಮಾಳವಿಕಾ.

ಅಮ್ಮ ಚಾಕುವನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡಳು.

"ನೋಡು, ಮತ್ತೆ ಅದೇ ಮಾಡ್ಬಿಟ್ಟೆ. ನೀನಾದ್ರೂ ಸುಮ್ನಿರ್ಬಾರ್ದಾ ಮಾಳು?"

"ನೀನು ಕ್ವಾ ಅಂದ್ರೆ ನಂಗೆ ತಾನಾಗೇ ಟರ್ ಬರುತ್ತೆ. ನಾನೇನ್ ಮಾಡ್ಲಿ?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾಳವಿಕಾ ಮಾತು ಕಲಿತದ್ದೇ ಹಾಗೆ. ಅಮ್ಮ ಅರ್ಧ ಹೇಳುವುದು, ಮಗಳು ಉಳಿದರ್ಧ ಹೇಳುವುದು. "ಎದ್ದ ತಕ್ಷಣ ಹಲ್ಲು ಉಜ್ಜ...?" "ಬೇಕು." "ಸುಳ್ಳು ಹೇಳ...?" "ಬಾರದು." ಈಗ ಅವಳಿಗೆ ಹತ್ತು ವರ್ಷ. ಇಯರ್ ಫೈವ್‌ನಲ್ಲಿ ಓದುತ್ತಿದ್ದಾಳೆ. ಆದರೂ ಯಾರಾದರೂ ಅರ್ಧ ಮಾತು ಆಡಿದರೆ ಸಾಕು, ಉಳಿದರ್ಧ ಅವಳ ನಾಲಿಗೆಯ ತುದಿಗೆ ಬಂದು ಕೂತಿರುತ್ತದೆ.

ಅಮ್ಮ ನೀರಜಾ ಮೈಸೂರಿನ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್ ಆಗಿದ್ದವಳು. ಆ ಕ್ಲಾಸಿನಲ್ಲಿ ಅರವತ್ತು ಮಕ್ಕಳು. ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಮೊದಲ ಸಾಲು ಮುಗಿಯುವುದರೊಳಗೆ ಗಂಟೆ ಹೊಡೆದುಬಿಡುತ್ತದೆ. ಅದಕ್ಕೇ ಅಲ್ಲಿನ ಟೀಚರುಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. "ನಮ್ಮ ರಾಜ್ಯದ ರಾಜಧಾನಿ ಬೆಂಗ...?" ಎಂದರೆ ಸಾಕು, ಅರವತ್ತು ಬಾಯಿಗಳು ಒಟ್ಟಿಗೆ "ಳೂರು" ಎಂದು ಕೂಗುತ್ತವೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನೂ ಬೆಚ್ಚಿ "ಳೂರು" ಎನ್ನುತ್ತಾನೆ.

ಇಂಗ್ಲೆಂಡಿನ ಮಕ್ಕಳಿಗೆ ಈ ಆಟ ಗೊತ್ತಿಲ್ಲ. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಾಳವಿಕಾಳ ಮನೆ ನಾಟಿಂಗ್‌ಹ್ಯಾಮಿನ ಬೀಸ್ಟನ್‌ನಲ್ಲಿ. ಅಪ್ಪ ಹರಿಪ್ರಸಾದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್. ಅಮ್ಮ ಇಲ್ಲಿ ಮತ್ತೆ ಟೀಚರ್ ಆಗಬೇಕೆಂದು ಹಠ ಹಿಡಿದಿದ್ದಳು. ಅವಳ ಬಿ.ಎ. ಡಿಗ್ರಿಯನ್ನು ಇಲ್ಲಿಯವರು ಒಪ್ಪಿದರು, ಟೀಚರ್ ಟ್ರೇನಿಂಗನ್ನು ಒಪ್ಪಲಿಲ್ಲ. ಸರಿ, ಅಮ್ಮ ಹದಿನಾರು ವರ್ಷದ ಮಕ್ಕಳ ಜೊತೆ ಕೂತು ಇಲ್ಲಿನ ಸೈನ್ಸ್ ಪರೀಕ್ಷೆ ಬರೆದಳು. ಆಮೇಲೆ ಒಂದು ಶಾಲೆಯಲ್ಲಿ ಸಹಾಯಕಿಯಾಗಿ ಸೇರಿ ಪೆನ್ಸಿಲ್ ಕೆತ್ತಿದಳು, ಮೂಗು ಒರೆಸಿದಳು, ಕಳೆದುಹೋದ ಗ್ಲೌಸ್ ಹುಡುಕಿಕೊಟ್ಟಳು. ಈ ವರ್ಷ ಯೂನಿವರ್ಸಿಟಿಯ ಟ್ರೇನಿಂಗ್. ಅದು ಮುಗಿದು ಕೆಲಸ ಸಿಕ್ಕಿದ ಮೇಲೂ ಎರಡು ವರ್ಷ ಹೊಸ ಟೀಚರ್ ಎಂದೇ ಲೆಕ್ಕವಂತೆ.

"ಅಪ್ಪ ಡಾಕ್ಟರ್ ಆಗೋಕೆ ಇಷ್ಟು ವರ್ಷ ತಗೊಂಡ್ನಾ?" ಎಂದು ಮಾಳವಿಕಾ ಒಮ್ಮೆ ಕೇಳಿದ್ದಳು.

"ನಂಗೆ ಒಂದು ಸಲ ಆದ್ರೆ ಸಾಕಾಯ್ತು," ಎಂದು ಅಪ್ಪ ನಕ್ಕಿದ್ದ. "ನಿಮ್ಮಮ್ಮ ಎರಡು ಸಲ ಆಗ್ತಿದಾಳೆ."

ಟ್ರೇನಿಂಗ್ ಎಂದರೆ ಬರೀ ಓದುವುದಲ್ಲ. ಊರಿನ ಆಚೆ ತುದಿಯ ಒಂದು ಶಾಲೆಯಲ್ಲಿ ಅಮ್ಮ ಇಯರ್ ಟೂ ಎನ್ನುವ ಕ್ಲಾಸಿನ ಆರೇಳು ವರ್ಷದ ಮಕ್ಕಳಿಗೆ ದಿನಾ ಪಾಠ ಮಾಡಬೇಕಿತ್ತು. ಯೂನಿವರ್ಸಿಟಿಯಿಂದ ಮಿಸ್ ಬ್ರೆನ್ನನ್ ಎಂಬುವರು ಬಂದು ಹಿಂದೆ ಕೂತು ನೋಡುತ್ತಿದ್ದರು. ಅವರು ಮೊದಲ ಸಲ ಬಂದ ದಿನ ಅಮ್ಮನಿಗೆ ಕೈಕಾಲು ಆಡಲಿಲ್ಲ. ಗಾಬರಿಯಾದಾಗ ಹಳೆಯ ಅಭ್ಯಾಸವೇ ಮುಂದೆ ಬರುವುದು. "ಒಂದು ವಾರಕ್ಕೆ ಏಳು ಡೇ...?" ಎಂದು ಇಂಗ್ಲಿಷಿನಲ್ಲಿ ಕೇಳಿ ಅಮ್ಮ ಕಾದಳು.

ಮೂವತ್ತು ಮಕ್ಕಳು ಪಿಳಿಪಿಳಿ ನೋಡಿದರು. ಕೊನೆಗೆ ಒಬ್ಬ ಹುಡುಗ ಕೈಯೆತ್ತಿದ. "ಮಿಸ್, ನಿಮಗೆ ಹುಷಾರಿಲ್ವಾ? ಹೇಳ್ತಾ ಇದ್ದ ಮಾತು ಮರೆತುಹೋಯ್ತಾ?"

ಅಲ್ಲಿಂದ ಮುಂದೆ ಪಾಠ ಎಲ್ಲೆಲ್ಲಿಗೋ ಹೋಯಿತು. ಅಮ್ಮ ಕೇಳುವುದು, ಅಮ್ಮನೇ ಉತ್ತರ ಹೇಳುವುದು. ಮಿಸ್ ಬ್ರೆನ್ನನ್ ಕೊನೆಯಲ್ಲಿ ಮೆಲ್ಲಗೆ ಅಂದರು, "ನೀರಜಾ, ನೀವು ಕಾಯುವುದೇ ಇಲ್ಲ. ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಬಿಡಿ. ಶುಕ್ರವಾರ ಮತ್ತೆ ಬರುತ್ತೇನೆ."

ಆ ಶುಕ್ರವಾರದ ಪಾಠವೂ ಸರಿಯಾಗದಿದ್ದರೆ ಬೇರೊಂದು ಶಾಲೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಸೇರುವ ಆಸೆ ಬಿಡಬೇಕು. ಆ ಶುಕ್ರವಾರಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಅಡುಗೆಮನೆಯಲ್ಲಿ ಚಪಾತಿ ತಣ್ಣಗಾಗುತ್ತಿತ್ತು.

"ಅಮ್ಮಾ, ನಂಗೊಂದು ಐಡಿಯಾ," ಎಂದಳು ಮಾಳವಿಕಾ. "ಕ್ವೆಶ್ಚನ್ ಕೇಳಿದ್ ತಕ್ಷಣ ಬಾಯಿ ತುಂಬ ನೀರು ತುಂಬ್ಕೋ. ಆಗ ಹೆಂಗ್ ಮಾತಾಡ್ತೀಯ?"

ಅಮ್ಮನಿಗೆ ಈ ಉಪಾಯ ಹಿಡಿಸಿತು. ಲೋಟದಲ್ಲಿ ನೀರು ತಂದಿಟ್ಟುಕೊಂಡಳು. "ಮಾಳು, ಈ ಚಪಾತೀಲಿ ಎಷ್ಟು ಕ್ವಾರ್ಟರ್ ಇದೆ?" ಎಂದು ಕೇಳಿ ನೀರು ಬಾಯಿಗೆ ಹಾಕಿಕೊಂಡು ಕೂತಳು. ಮಾಳವಿಕಾ ಬೇಕೆಂದೇ ಸೂರು ನೋಡಿದಳು, ಕಿವಿ ಕೆರೆದುಕೊಂಡಳು, ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆದಳು. ಅಮ್ಮನ ಕೆನ್ನೆ ಬಲೂನಿನ ಹಾಗೆ ಉಬ್ಬಿತ್ತು. ಕಣ್ಣು ಮಾತ್ರ "ಹೇಳೇ, ಹೇಳೇ" ಎನ್ನುತ್ತಿತ್ತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಬಂದ ಅಪ್ಪ ಬಾಗಿಲಲ್ಲಿ ನಿಂತ. "ಏನ್ ನೀರಜಾ, ಹಲ್ಲು ನೋವಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನೀರೆಲ್ಲ ಪುಸಕ್ಕನೆ ಅಪ್ಪನ ಶರ್ಟಿನ ಮೇಲೆ ಬಿತ್ತು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ," ಎಂದ ಅಪ್ಪ, ಶರ್ಟು ಒರೆಸಿಕೊಳ್ಳುತ್ತಾ. "ನೀರು ಹಾಕಿದ್ರೆ ಹೋಗುತ್ತಾ?"

"ಹುಟ್ಟುಗುಣ ಅಲ್ಲ ರೀ ಇದು. ಅರವತ್ತು ಮಕ್ಕಳು ಕಲಿಸಿದ ಗುಣ," ಎಂದಳು ಅಮ್ಮ. ಮತ್ತೆ ಲೋಟ ತುಂಬಿಸಿದಳು. "ಇನ್ನೊಂದ್ ಸಲ ಮಾಡೋಣ ಮಾಳು. ಬಾ."

ಊಟ ಆರಿ ಹೋಯಿತು. ಅಮ್ಮ ಬಿಡಲಿಲ್ಲ.

ಮರುದಿನ, ಗುರುವಾರ, ಮಾಳವಿಕಾಳ ಕ್ಲಾಸಿನಲ್ಲಿ ಹಿಸ್ಟರಿ ಪಾಠ. ಮಿಸ್ಟರ್ ಡಾಸನ್ ಕೇಳಿದರು, "ಹಳೆಯ ಕಾಲದ ಜನ ನದಿಯ ಹತ್ತಿರವೇ ಯಾಕೆ ಊರು ಕಟ್ಟಿದರು? ಕೀರಾ, ನೀನು ಹೇಳು."

ಕೀರಾ ಮಾಳವಿಕಾಳ ಟಾಕ್ ಪಾರ್ಟ್‌ನರ್. ಅಂದರೆ ಇಬ್ಬರೂ ಒಂದೇ ಟೇಬಲ್ಲು, ಏನು ಯೋಚಿಸಿದರೂ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಕೀರಾ ನಿಧಾನದ ಹುಡುಗಿ. ಮಾತು ಶುರುಮಾಡಿದರೆ ನಡುವೆ ನಿಂತು ಕಿಟಕಿ ನೋಡುತ್ತಾಳೆ.

"ಯಾಕಂದ್ರೆ ನದಿ..." ಎಂದು ಕೀರಾ ಕಿಟಕಿ ನೋಡಿದಳು.

"ಕುಡಿಯೋಕೆ ನೀರು ಕೊಡುತ್ತೆ, ಬೆಳೆ ಬೆಳೆಯೋಕೂ ನೀರು ಕೊಡುತ್ತೆ," ಎಂದಳು ಮಾಳವಿಕಾ.

"ಸರಿಯಾದ ಉತ್ತರ," ಎಂದರು ಮಿಸ್ಟರ್ ಡಾಸನ್. "ಆದರೆ ಮಾಳವಿಕಾ, ನಾನು ಕೇಳಿದ್ದು ಕೀರಾಳನ್ನು."

ಕೀರಾಳ ಕಿವಿ ಕೆಂಪಾಯಿತು. ಆಟದ ಬಿಡುವಿನಲ್ಲಿ ಅವಳು ಮಿಸ್ಟರ್ ಡಾಸನ್ ಹತ್ತಿರ ಹೋಗಿ ಏನೋ ಮಾತಾಡಿದಳು. ಬಿಡುವು ಮುಗಿದು ಒಳಗೆ ಬಂದಾಗ ಕೀರಾಳ ಪೆನ್ಸಿಲ್ ಡಬ್ಬಿ ಆ ಕಡೆಯ ಟೇಬಲ್ಲಿಗೆ ಹೋಗಿತ್ತು.

ಮಾಳವಿಕಾಗೆ ಸಿಟ್ಟು ಬಂತು, ಅಳುವೂ ಬಂತು. ಲಂಚ್ ಸಾಲಿನಲ್ಲಿ ಕೀರಾಳನ್ನು ಹಿಡಿದು ನಿಲ್ಲಿಸಿದಳು.

"ನಾನು ನಿಂಗೆ ಹೆಲ್ಪ್ ಮಾಡ್ದೆ ಅಷ್ಟೆ. ನಿಂಗೆ ಉತ್ತರ ಗೊತ್ತಿರ್ಲಿಲ್ಲ."

"ಗೊತ್ತಿತ್ತು," ಎಂದಳು ಕೀರಾ. "ಇನ್ನೂ ಹೇಳಿರ್ಲಿಲ್ಲ. ನೀನು ಯಾವತ್ತೂ ಹೇಳೋಕೇ ಬಿಡಲ್ಲ." ತಟ್ಟೆ ಎತ್ತಿಕೊಂಡು ಅವಳು ಬೇರೆ ಹುಡುಗಿಯರ ಜೊತೆ ಕೂತಳು.

ಸಂಜೆ ಮನೆಗೆ ಬಂದಾಗ ಅಮ್ಮ ನಡುಮನೆಯ ನೆಲದ ತುಂಬ ಬಣ್ಣದ ಕಾಗದ ಹರಡಿಕೊಂಡು ಚೌಕ ಕತ್ತರಿಸುತ್ತಿದ್ದಳು. ಮಾಳವಿಕಾ ಕೋಟು ಬಿಚ್ಚದೆ ಪಕ್ಕದಲ್ಲಿ ಕೂತಳು.

"ಅಮ್ಮಾ, ಇವತ್ತು ಸ್ಕೂಲಲ್ಲಿ ಕೀರಾ..."

"ಜಗಳ ಆಡಿದ್ರಾ? ತಾನಾಗೇ ಸರಿಹೋಗುತ್ತೆ ಬಿಡು. ಆ ಹಳದಿ ಪೇಪರ್ ಈ ಕಡೆ ತಳ್ಳು ಪುಟ್ಟಾ."

ಮಾಳವಿಕಾ ಹಳದಿ ಪೇಪರ್ ತಳ್ಳಿದಳು. ಜಗಳ ಆಗಿರಲಿಲ್ಲ. ಜಗಳ ಆಗಿದ್ದರೆ ಎಷ್ಟೋ ವಾಸಿಯಿತ್ತು. ಉಳಿದ ಮಾತನ್ನು ನುಂಗಿಕೊಂಡು ಅವಳು ಕೋಟು ತೂಗುಹಾಕಲು ಎದ್ದಳು.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಆಸ್ಪತ್ರೆಯಲ್ಲಿ ಜೊತೆಯ ಡಾಕ್ಟರೊಬ್ಬರಿಗೆ ಹುಷಾರಿಲ್ಲ, ಡ್ಯೂಟಿಯ ರೋಟಾ ಬದಲಾಗಿದೆ, ನಾಳೆ ಮನೆಯಲ್ಲಿರಬೇಕಿದ್ದ ಅಪ್ಪನೂ ಕೆಲಸಕ್ಕೆ ಹೋಗಬೇಕು. ಅಮ್ಮ ಕತ್ತರಿ ಕೆಳಗಿಟ್ಟಳು. ನಾಳೆ ಮಾಳವಿಕಾಳ ಶಾಲೆಯಲ್ಲಿ ಟೀಚರುಗಳಿಗೆ ಟ್ರೇನಿಂಗ್ ದಿನ, ಮಕ್ಕಳಿಗೆ ರಜೆ. ಅಮ್ಮನ ಶಾಲೆಯಲ್ಲಿ ರಜೆಯಿಲ್ಲ. ಹತ್ತು ವರ್ಷದ ಹುಡುಗಿಯನ್ನು ಇಡೀ ದಿನ ಮನೆಯಲ್ಲಿ ಒಬ್ಬಳೇ ಬಿಡುವ ಹಾಗಿಲ್ಲ. ಬಿಡಬಹುದಾದ ಗೆಳತಿಯ ಮನೆಯೆಂದರೆ ಕೀರಾಳದು.

"ಅಲ್ಲಿಗೆ ಬೇಡ," ಎಂದಳು ಮಾಳವಿಕಾ, ಅಮ್ಮ ಕೇಳುವ ಮೊದಲೇ.

ಅಮ್ಮ ತನ್ನ ಶಾಲೆಗೆ ಫೋನ್ ಮಾಡಿದಳು. ಅವಳು ಪಾಠ ಮಾಡುವ ಕ್ಲಾಸಿನ ಟೀಚರ್ ಮಿಸೆಸ್ ವಿಟೇಕರ್ ಹೆಡ್ ಟೀಚರನ್ನು ಕೇಳಿ, ಕರೆದುಕೊಂಡು ಬನ್ನಿ, ಹಿಂದೆ ಕೂತು ಓದಿಕೊಳ್ಳಲಿ ಎಂದರು.

"ನೋಡು ಮಾಳು," ಎಂದಳು ಅಮ್ಮ. "ಏನೇ ಆದ್ರೂ ಬಾಯಿ ಬಿಡಬಾರ್ದು. ನಾನು ಮೂಕಿ ಥರ ನಿಂತ್ರೂ ನೀನು ಉತ್ತರ ಹೇಳ...?"

ಮಾಳವಿಕಾ ತುಟಿ ಬಿಗಿದುಕೊಂಡಳು. ಅಮ್ಮ ತನ್ನ ಬಾಯಿಯ ಮೇಲೆ ತಾನೇ ಒಂದು ಏಟು ಕೊಟ್ಟುಕೊಂಡಳು.

ಶುಕ್ರವಾರ ಬೆಳಿಗ್ಗೆ ಟ್ರಾಮ್ ಹಿಡಿದು ಇಬ್ಬರೂ ಊರಿನ ಆಚೆ ತುದಿಗೆ ಹೋದರು. ಅಮ್ಮನ ತೊಡೆಯ ಮೇಲೆ ಬಣ್ಣದ ಚೌಕಗಳ ಚೀಲ. ಅಮ್ಮ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಾ ಪಾಠ ಹೇಳಿಕೊಳ್ಳುತ್ತಿದ್ದಳು. ಎದುರಿಗೆ ಕೂತ ಅಜ್ಜಿ ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು, ಮುಗುಳ್ನಕ್ಕು ಕಣ್ಣು ಮುಚ್ಚಿಕೊಂಡರು.

ಇಯರ್ ಟೂ ಕ್ಲಾಸಿನಲ್ಲಿ ಕುರ್ಚಿಗಳೆಲ್ಲ ಗೊಂಬೆಯ ಮನೆಯವು. ಮಾಳವಿಕಾ ಹಿಂದಿನ ಮೂಲೆಯ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಳು. ಅವಳ ಪಕ್ಕದಲ್ಲೇ ಮಿಸ್ ಬ್ರೆನ್ನನ್ ಬಂದು ಕೂತರು. ಬಿಳಿ ಕೂದಲು, ಕೊರಳಲ್ಲಿ ಕನ್ನಡಕ, ತೊಡೆಯ ಮೇಲೆ ಲ್ಯಾಪ್‌ಟಾಪ್. ಅವರು ಕೀಗಳನ್ನು ಒತ್ತಿದಾಗಲೆಲ್ಲ ಮಾಳವಿಕಾ ಓರೆಗಣ್ಣಿನಿಂದ ಆ ಕಡೆ ನೋಡಿದಳು. ತೆರೆದ ಪುಸ್ತಕದ ಒಂದು ಸಾಲೂ ಅವಳಿಗೆ ಕಾಣಲಿಲ್ಲ.

ಅಮ್ಮ ಮಕ್ಕಳಿಗೆ ಒಂದೇ ಅಳತೆಯ ಎರಡೆರಡು ಚೌಕ ಕೊಟ್ಟಳು. ಒಂದು ಹಳದಿ, ಒಂದು ನೀಲಿ. ಹಳದಿಯದನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮಡಚಿಸಿದಳು, ನಾಲ್ಕು ಪುಟ್ಟ ಚೌಕಗಳಾದವು. ನೀಲಿಯದನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿಸಿದಳು, ನಾಲ್ಕು ತ್ರಿಕೋನಗಳಾದವು. ಮಡಿಕೆಯ ಗೆರೆಯ ಮೇಲೆ ಮಕ್ಕಳು ಕತ್ತರಿಸಿದರು. ಇಷ್ಟು ಹೊತ್ತು ಎಲ್ಲ ಸರಾಗ. ಅಮ್ಮ ಒಂದು ಸಲವೂ ಅರ್ಧ ಮಾತು ಆಡಲಿಲ್ಲ.

"ಈಗ ನೋಡಿ," ಎಂದಳು ಅಮ್ಮ. ಒಂದು ಕೈಯಲ್ಲಿ ಹಳದಿ ಚೌಕ, ಇನ್ನೊಂದರಲ್ಲಿ ನೀಲಿ ತ್ರಿಕೋನ. "ಇವೆರಡರಲ್ಲಿ ಯಾವುದು ದೊಡ್ಡದು?"

"ತ್ರಿಕೋನ," ಎಂದು ಅರ್ಧ ಕ್ಲಾಸು ಕೂಗಿತು. "ಚೌಕ," ಎಂದು ಉಳಿದರ್ಧ ಕೂಗಿತು.

ಆಗ ಮುಂದೆ ಕೂತಿದ್ದ ಎಲ್ಸಿ ಎಂಬ ಪುಟ್ಟ ಹುಡುಗಿ ಕೈಯೆತ್ತಿದಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ಹೇಳು ಎಲ್ಸಿ."

"ಅವು..." ಎಂದಳು ಎಲ್ಸಿ. ಅಲ್ಲಿಗೆ ನಿಂತಳು.

ಎಲ್ಸಿ ತನ್ನ ತ್ರಿಕೋನವನ್ನು ನೋಡಿದಳು, ಚೌಕವನ್ನು ನೋಡಿದಳು, ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ತೂರಿಸಿದಳು. ಯಾರೋ ಕುರ್ಚಿ ಕಿರ್ ಎನ್ನಿಸಿದರು.

ಮಾಳವಿಕಾಗೆ ಉತ್ತರ ಗೊತ್ತಿತ್ತು. ಎರಡೂ ಒಂದೇ. ಎರಡೂ ಕ್ವಾರ್ಟರ್ ಅಲ್ಲವೇ? ಇಷ್ಟು ಸುಲಭದ್ದನ್ನು ಹೇಳಲು ಏಕಿಷ್ಟು ಹೊತ್ತು? ನಾಲಿಗೆಯ ತುದಿ ತುರಿಸತೊಡಗಿತು. ಅಮ್ಮನ ತುಟಿ ಅರಳುವುದು ಕಂಡಿತು. ದೂರದಿಂದಲೂ ಮಾಳವಿಕಾ ಆ ತುಟಿಯನ್ನು ಓದಬಲ್ಲಳು. ಅದು "ಸೇಮ್" ಎಂಬುದರ "ಸೇ".

ಅಮ್ಮ ತುಟಿ ಮುಚ್ಚಿದಳು. ಅವಳ ಕೈ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಕಡೆ ಹೋಯಿತು. ಅರ್ಧಕ್ಕೇ ನಿಂತು ವಾಪಸ್ಸು ಬಂತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಎಲ್ಸಿ ಇನ್ನೂ ಸುಮ್ಮನಿದ್ದಳು. ಒಬ್ಬ ಹುಡುಗ ಆಕಳಿಸಿದ. ಇನ್ನೊಬ್ಬಳು ಸಾಕ್ಸ್ ಎಳೆದುಕೊಳ್ಳತೊಡಗಿದಳು. ಪಾಠ ಕೈಬಿಟ್ಟು ಹೋಗುತ್ತಿದೆ ಎಂದು ಮಾಳವಿಕಾಗೆ ಅನ್ನಿಸಿತು. ಪಕ್ಕದಲ್ಲಿ ಕೀಗಳ ಸದ್ದು ನಿಂತಿತ್ತು. ಮಿಸ್ ಬ್ರೆನ್ನನ್ ಕನ್ನಡಕ ಏರಿಸಿಕೊಂಡು ಅಮ್ಮನನ್ನೇ ನೋಡುತ್ತಿದ್ದರು.

ಆಗ ಅಮ್ಮ ತಲೆಯೆತ್ತಿ ನೇರವಾಗಿ ಮಾಳವಿಕಾಳ ಕಡೆ ನೋಡಿದಳು.

ಅಡುಗೆಮನೆಯಲ್ಲಿ ಎಷ್ಟೋ ಸಲ ಈ ಕಣ್ಣು ಕಂಡಿದ್ದಾಳೆ ಅವಳು. ಹೇಳೇ, ಹೇಳೇ ಎನ್ನುವ ಕಣ್ಣು. ಒಂದೇ ಮಾತು ಸಾಕಿತ್ತು. ಅವಳು ಮೆಲ್ಲಗೆ ಅಂದುಬಿಟ್ಟರೆ ಮಕ್ಕಳೆಲ್ಲ "ಸೇಮ್, ಸೇಮ್" ಎಂದು ಕೂಗುತ್ತಿದ್ದರು, ಪಾಠ ಮುಂದೆ ಹೋಗುತ್ತಿತ್ತು, ಅಮ್ಮ ಬಚಾವಾಗುತ್ತಿದ್ದಳು. ಮಾಳವಿಕಾ ಬಾಯಿ ತೆರೆದಳು.

ಎಲ್ಸಿಯ ಕಿವಿ ಕೆಂಪಾಗಿದ್ದು ಆಗ ಅವಳ ಕಣ್ಣಿಗೆ ಬಿತ್ತು.

ಅವಳು ಬಾಯಿ ಮುಚ್ಚಿದಳು. ಸಾಲದೆಂದು ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ಅಮ್ಮ ಅದನ್ನು ನೋಡಿದಳು. ನೋಡಿ, ಕಣ್ಣನ್ನು ಎಲ್ಸಿಯ ಕಡೆಗೇ ತಿರುಗಿಸಿ, ಮೊಣಕಾಲೂರಿ ಅವಳ ಎತ್ತರಕ್ಕೆ ಕೂತಳು. ಸುಮ್ಮನೆ ಕೂತಳು.

"ಮಿಸ್," ಎಂದಳು ಎಲ್ಸಿ ಕೊನೆಗೂ. "ಇದನ್ನ ಹರಿಬಹುದಾ?"

ಅಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಹಿಂದಿನ ರಾತ್ರಿ ಕೂತು ಅಳತೆ ಮಾಡಿ ಕತ್ತರಿಸಿದ ಕಾಗದ. ಹರಿಯುವುದು ಅವಳ ಪ್ಲಾನಿನಲ್ಲಿ ಎಲ್ಲೂ ಇರಲಿಲ್ಲ.

"ಹರಿ," ಎಂದಳು.

ಎಲ್ಸಿ ನೀಲಿ ತ್ರಿಕೋನವನ್ನು ನಡುವೆ ಮಡಚಿ, ಮಡಿಕೆಯನ್ನು ಉಗುರಿನಿಂದ ತೀಡಿ, ಎರಡು ಹೋಳು ಮಾಡಿದಳು. ಒಂದು ಹೋಳನ್ನು ತಿರುಗಿಸಿ ಇನ್ನೊಂದರ ಪಕ್ಕ ಇಟ್ಟಳು. ಸರಿಯಾಗಲಿಲ್ಲ. ಇನ್ನೊಂದು ಸಲ ತಿರುಗಿಸಿದಳು. ಎರಡು ಹೋಳು ಸೇರಿ ಒಂದು ನೀಲಿ ಚೌಕ ಆಯಿತು. ಅದನ್ನು ಎತ್ತಿ ಹಳದಿ ಚೌಕದ ಮೇಲೆ ಇಟ್ಟಳು. ಅಂಚಿಗೆ ಅಂಚು ಕೂತಿತು.

"ಒಂದೇ," ಎಂದಳು ಎಲ್ಸಿ. "ಆಕಾರ ಬದಲಾಗಿದೆ ಅಷ್ಟೆ, ಒಳಗೆ ಅಷ್ಟೇ ಇದೆ."

ಇಡೀ ಕ್ಲಾಸು ಅವಳ ಮೇಜಿನ ಸುತ್ತ ಮುತ್ತಿಕೊಂಡಿತು. ತಾವೂ ಹರಿಯುತ್ತೇವೆ ಎಂದು ಗಲಾಟೆ. ಮಾಳವಿಕಾ ಕುರ್ಚಿಯ ಮೇಲೆ ಮಂಡಿಯೂರಿ ಕತ್ತು ಚಾಚಿ ನೋಡಿದಳು. ಎರಡೂ ಒಂದೇ ಎಂದು ಅವಳಿಗೆ ಗೊತ್ತಿತ್ತು ನಿಜ. ಆದರೆ ಹೀಗೆ ಹರಿದು, ತಿರುಗಿಸಿ, ಕಣ್ಣಿಗೆ ಕಾಣುವ ಹಾಗೆ ತೋರಿಸಬಹುದೆಂದು ಗೊತ್ತಿರಲಿಲ್ಲ. ಅವಳು ಮೊದಲೇ ಉತ್ತರ ಹೇಳಿಬಿಟ್ಟಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಮಿಸ್ ಬ್ರೆನ್ನನ್ ಅಮ್ಮನನ್ನು ಪುಟ್ಟ ರೂಮಿಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಮಿಸೆಸ್ ವಿಟೇಕರ್ ಮಾಳವಿಕಾಗೆ ಪೇಂಟ್ ಬ್ರಶ್‌ಗಳನ್ನು ತೊಳೆಯುವ ಕೆಲಸ ಕೊಟ್ಟರು. ಅವಳು ತೊಳೆದ ಬ್ರಶ್ಶನ್ನೇ ಮತ್ತೆ ಮತ್ತೆ ತೊಳೆದಳು. ಅಮ್ಮ ಹೊರಗೆ ಬಂದಾಗ ಗಂಟೆ ಹೊಡೆದಿತ್ತು, ಮುಂದಿನ ಪಾಠ ಕಾಯುತ್ತಿತ್ತು. ಅಮ್ಮನ ಮುಖ ನೋಡಿದರೆ ಏನೂ ತಿಳಿಯಲಿಲ್ಲ.

ಸಂಜೆ ಟ್ರಾಮಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಮ್ಮ ಖಾಲಿ ಚೀಲವನ್ನು ಮಡಚಿ ಮಡಚಿ ಇನ್ನು ಮಡಚಲಾಗದಷ್ಟು ಚಿಕ್ಕದು ಮಾಡಿದಳು.

"ಮಿಸ್ ಬ್ರೆನ್ನನ್ ಏನಂದ್ರು ಅಂದ್ರೆ..." ಎಂದು ಶುರುಮಾಡಿ ನಿಲ್ಲಿಸಿದಳು.

ಪಾಸ್, ಫೇಲ್, ಇನ್ನೊಂದು ಚಾನ್ಸ್. ಮಾಳವಿಕಾಳ ಬಾಯಲ್ಲಿ ಆ ಅರ್ಧ ಮಾತಿನ ಮೂರು ಬಾಲಗಳು ಒಟ್ಟಿಗೆ ಕುಣಿದವು. ಅವಳು ಒಂದನ್ನೂ ಹೊರಗೆ ಬಿಡಲಿಲ್ಲ. ಒಂದು ಸ್ಟಾಪ್ ಹೋಯಿತು. ಜನ ಇಳಿದರು, ಜನ ಹತ್ತಿದರು.

"ಪಾಸು," ಎಂದಳು ಅಮ್ಮ. "ಮತ್ತೆ ಮೊದಲಿಂದ ಮಾಡ್ಬೇಕಾಗಿಲ್ಲ. ಆದ್ರೆ ಸರಿಮಾಡ್ಕೋಬೇಕಾದ್ದು ಇನ್ನೂ ಬೇಕಾದಷ್ಟಿದೆಯಂತೆ. ಅವರೂ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೇ ಸುಮ್ನೆ ನಿಲ್ಲೋದು ಕಲಿತಿದ್ದಂತೆ."

ಮಾಳವಿಕಾ ಅಮ್ಮನ ತೋಳನ್ನು ತಬ್ಬಿಕೊಂಡಳು. ಅವಳಿಗೆ ಕುಣಿಯಬೇಕೆನಿಸಿತು. ಅಮ್ಮ ಮಾತ್ರ ನಗುತ್ತಾ ನಗುತ್ತಾ ಕಿಟಕಿಯ ಕಡೆ ತಿರುಗಿದಳು, ಕಣ್ಣಲ್ಲಿ ನೀರಿತ್ತು.

"ಮೈಸೂರಲ್ಲಿ ನನ್ನ ಕ್ಲಾಸಲ್ಲಿ ಶರಣಮ್ಮ ಅಂತ ಒಬ್ಳು ಹುಡುಗಿ ಇದ್ಳು. ಏನ್ ಕೇಳಿದ್ರೂ ಬಾಯಿ ತೆರೀತಿದ್ಳು. ಅಷ್ಟ್ರಲ್ಲಿ ಉಳಿದೋರೆಲ್ಲ ಕೂಗ್ಬಿಡೋರು, ನಾನು ಮುಂದಿನ ಪ್ರಶ್ನೆಗೆ ಹೋಗ್ಬಿಡ್ತಿದ್ದೆ. ಅವಳು ಏನ್ ಹೇಳೋಕೆ ಹೊರಟಿದ್ಳೋ." ಅಮ್ಮ ಕಣ್ಣೊರೆಸಿಕೊಂಡಳು. "ಜಾಣೆ ಇದ್ಳು ಅನ್ಸುತ್ತೆ. ನಂಗೆ ಗೊತ್ತಾಗ್ಲೇ ಇಲ್ಲ."

ಟ್ರಾಮ್ ಯೂನಿವರ್ಸಿಟಿ ದಾಟಿತು. ಇನ್ನೇನು ಅವರ ಸ್ಟಾಪ್. ಅಮ್ಮ ಥಟ್ಟನೆ ಮಗಳ ಕಡೆ ತಿರುಗಿದಳು.

"ಮಾಳು, ನಿನ್ನೆ ನೀನು ಕೀರಾ ವಿಷ್ಯ ಏನೋ ಹೇಳೋಕೆ ಬಂದೆ. ನಾನು ಪೂರ್ತಿ ಕೇಳ್ಲೇ ಇಲ್ಲ."

ಮಾಳವಿಕಾ ತಲೆ ತಗ್ಗಿಸಿದಳು. ಹೇಳಬೇಕೆಂದು ಎಷ್ಟು ಆಸೆಯಿತ್ತೋ ಈಗ ಹೇಳುವುದು ಅಷ್ಟೇ ಕಷ್ಟವಾಯಿತು. ನಿನ್ನೆಯಾಗಿದ್ದರೆ ಕೀರಾ ಕೆಟ್ಟವಳು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಇವತ್ತು ಆ ಮಾತು ಬರುತ್ತಿಲ್ಲ. ಬೇರೆ ಮಾತು ಇನ್ನೂ ಸಿಕ್ಕಿಲ್ಲ.

"ಕೀರಾ..." ಎಂದಳು. "ಅಲ್ಲ, ಕೀರಾ ಅಲ್ಲ. ನಾನು..."

ಅಮ್ಮ ಸುಮ್ಮನಿದ್ದಳು.

ಟ್ರಾಮ್ ನಿಂತಿತು. ಬೀಸ್ಟನ್ ಸೆಂಟರ್ ಎಂದು ಸ್ಪೀಕರ್ ಕೂಗಿತು. ಬಾಗಿಲು ತೆರೆಯಿತು, ಸುತ್ತಲಿನವರು ಚೀಲ ಎತ್ತಿಕೊಂಡು ಇಳಿದರು. ಮಾಳವಿಕಾ ಗಾಬರಿಯಿಂದ ಬಾಗಿಲು ನೋಡಿದಳು, ಅಮ್ಮನನ್ನು ನೋಡಿದಳು. ಅಮ್ಮ ಏಳಲಿಲ್ಲ. ಬಾಗಿಲಿನ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಮಗಳ ಮುಖವನ್ನೇ ನೋಡುತ್ತಾ ಕೂತಿದ್ದಳು.

ಬಾಗಿಲು ಮುಚ್ಚಿತು. ಟ್ರಾಮ್ ಅವರ ಮನೆಯ ರಸ್ತೆಯನ್ನು ಹಿಂದೆ ಬಿಟ್ಟು ಹೊರಟಿತು.

"ನಾನು ಅವಳಿಗೆ ಮಾತಾಡೋಕೆ ಬಿಡ್ತಾನೇ ಇರ್ಲಿಲ್ಲ ಅಮ್ಮಾ," ಎಂದಳು ಮಾಳವಿಕಾ. "ನದಿ ಬಗ್ಗೆ ಏನೋ ಹೇಳೋದಿತ್ತು ಅವಳಿಗೆ. ಏನು ಅಂತ ನಂಗೆ ಗೊತ್ತಿಲ್ಲ. ಸೋಮವಾರ ಕೇಳ್ಬೇಕು."

ಅಮ್ಮ ತಲೆಯಾಡಿಸಿದಳು. ಮುಂದಿನ ಸ್ಟಾಪ್ ಚಿಲ್‌ವೆಲ್ ರೋಡಿನಲ್ಲಿ ಇಳಿದು ಇಬ್ಬರೂ ಹಿಂದಕ್ಕೆ ನಡೆಯತೊಡಗಿದರು. ಹೇಳಬೇಕಾದ್ದು ಇನ್ನೂ ಇತ್ತು. ಮಾಳವಿಕಾ ನಡುನಡುವೆ ನಿಂತು, ಯೋಚಿಸಿ, ಒಂದೊಂದೇ ಹೇಳಿದಳು. ಅವಳು ನಿಂತಲ್ಲೆಲ್ಲ ಅಮ್ಮನೂ ನಿಂತಳು.